ಬೂದು ಸ್ಕರ್ಟಿನ ಅಂಚು

ಪ್ರೀತಿಯ ಅಮ್ಮನಿಗೆ,

ನನ್ನ ಹಾಸ್ಟೆಲ್ ಸ್ಕೂಲಿನ ಬೂದು ಸ್ಕರ್ಟನ್ನು ಸೋಮವಾರದೊಳಗೆ ಕಳಿಸು. ಕಾಲೇಜಿನ ಆರ್ಟ್ ಪ್ರಾಜೆಕ್ಟಿಗೆ ಬೇಕು. ವಿಷಯ ನನ್ನದೇ ಆಂಗ್ಸೈಟಿ, ಅಂದರೆ ನನ್ನೊಳಗಿನ ಆತಂಕ.

ರಜೆಗೆ ಬಂದಾಗಲೆಲ್ಲ ಅದರ ಅಂಚು ಬಿಚ್ಚಿಕೊಂಡಿರುತ್ತಿತ್ತಲ್ಲ? "ಇಲಿ ಏನೇ ನೀನು?" ಎಂದು ಬೈಯುತ್ತಲೇ ನೀನು ಕೈಗೆ ಸಿಕ್ಕ ದಾರದಲ್ಲಿ ಹೊಲಿದುಕೊಡುತ್ತಿದ್ದೆ. ಒಂದು ವರ್ಷ ನೀಲಿ, ಇನ್ನೊಂದು ವರ್ಷ ಕೆಂಪು. ನಾನು ಪಕ್ಕದಲ್ಲಿ ಕೂತು ಮೆಷಿನ್ನಿನ ಸದ್ದು ಕೇಳುತ್ತಿದ್ದೆ. ಅಷ್ಟು ನೆಮ್ಮದಿ ಆಮೇಲೆ ಎಲ್ಲೂ ಸಿಕ್ಕಿಲ್ಲ.

ಆಟದಲ್ಲಿ ಹರಿಯಿತು ಎಂದು ನಾನು ಹೇಳುತ್ತಿದ್ದದ್ದು ಸುಳ್ಳು. ಹಾಜರಿ ಕೂಗುವಾಗ ಎದೆ ಡವಡವ ಎನ್ನುತ್ತಿತ್ತು, ಬೆರಳುಗಳು ತಾವಾಗಿಯೇ ದಾರ ಕೀಳುತ್ತಿದ್ದವು. ನಿನಗೆ ಬೇಜಾರಾಗುತ್ತದೆಂದು ಹೇಳಲಿಲ್ಲ.

ಕೊನೆಯ ವರ್ಷದ ಅಂಚು ಇನ್ನೂ ಬಿಚ್ಚಿಯೇ ಇದೆ. ದಯವಿಟ್ಟು ಹೊಲಿಯಬೇಡಮ್ಮ. ಇದೊಂದು ಸಲ ಎಲ್ಲರೂ ಅದನ್ನು ಹಾಗೇ ನೋಡಲಿ. ಮೊದಲು ನೀನು ನೋಡು.

ನಿನ್ನ ಮಗಳು