ಮೊದಲು ಊಟ ಆಗಲಿ

ಸೀಗೆಹಟ್ಟಿ, ಪಂಚನಹಳ್ಳಿ ಹೋಬಳಿ
೧೨ ಡಿಸೆಂಬರ್ ೨೦೨೫

ಪ್ರೀತಿಯ ಮಾಲಿನಿ,

ಅತ್ತೆಯ ಕಾಲು ಹೇಗಿದೆ? ಕಟ್ಟು ಬಿಚ್ಚಿದ ಮೇಲೆ ಗೋಡೆ ಹಿಡಿದಾದರೂ ನಡೆಯುತ್ತಿದ್ದಾರಾ? ಅವರನ್ನು ಎತ್ತಿ ಕೂರಿಸಿ ನೀನು ಸೊಂಟ ಕೆಡಿಸಿಕೊಳ್ಳಬೇಡ. ನಾನೂ ನಿನ್ನ ಮಗಳು ಸ್ಪೂರ್ತಿಯೂ ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ರೂಢಿ, ಬರೆದೆ. ಫೋನಿನಲ್ಲೇ ಹೇಳೋಣ ಅಂತ ಹೊರಟರೆ, ನೀನು "ಹೂಂ, ಆಮೇಲೆ?" ಅಂದ ತಕ್ಷಣ ಮಾತನ್ನು ತೆಂಗಿನಕಾಯಿ ರೇಟಿಗೆ ತಿರುಗಿಸಿಬಿಡುತ್ತೇನೆ. ಅದಕ್ಕೇ ಈ ಕಾಗದ.

ನಮ್ಮ ಶಾಲೆಯ ಗುಣಮಟ್ಟ ನೋಡಲು ಹೊರಗಿನ ತಂಡ ಬಂದು ಹೋಯಿತಲ್ಲ. ಅವರು ಒಪ್ಪಿದರೆ ಬರುವ ವರ್ಷ ಊರಲ್ಲೇ ಎಂಟನೇ ತರಗತಿ ಶುರು, ನಮ್ಮ ಮಗಳೂ ಅವಳ ಜೊತೆಯವರೂ ಕಡೂರಿನ ಹಾಸ್ಟೆಲ್ ಸೇರಬೇಕಾಗಿಲ್ಲ ಅಂತ ನಿನಗೆ ಗೊತ್ತೇ ಇದೆ. ತವರಿಗೆ ಹೊರಟಾಗ ನೀನು, "ಊಟದ ಗೊಡವೆ ಬಿಡ್ರೀ, ಬಂದೋರು ಮಕ್ಳನ್ನ ನೋಡ್ಕಂಡ್ ಹೋಗ್ಲಿ" ಅಂದಿದ್ದೆ. ನಾನು ಕೇಳಲಿಲ್ಲ. ಶಾಲಾಭಿವೃದ್ಧಿ ಸಮಿತಿ ಅಧ್ಯಕ್ಷ ನಾನು, ನನ್ನ ಊರಿಂದ ಅತಿಥಿಗಳು ಬರಿಹೊಟ್ಟೆಯಲ್ಲಿ ಹೋದರೆ ಮರ್ಯಾದೆ ಎಲ್ಲಿ ಉಳಿಯುತ್ತೆ ಅನ್ನುವ ಜಂಬ. ಗೇಟಿನಲ್ಲಿ ವಾದ್ಯ, ಆರತಿ, ಪೇಟ, ಶಾಲು, ತಲೆಗೊಂದು ಎಳನೀರು. ಏಳನೇ ತರಗತಿ ಹುಡುಗಿಯರಿಗೆ ಸೀರೆ ಉಡಿಸಿ ಒಬ್ಬಟ್ಟು ಬಡಿಸಲು ನಿಲ್ಲಿಸಿದೆ. ಸ್ಪೂರ್ತಿ ಪಾಪ, ಬಕೆಟ್ಟು, ಮರಳು, ಜಲ್ಲಿ ಜೋಡಿಸಿಕೊಂಡು, ಬೋರ್‌ವೆಲ್‌ಗೆ ಮಳೆನೀರು ಇಂಗಿಸುವುದು ಹೇಗೆ ಅಂತ ತೋರಿಸಲು ತಯಾರಾಗಿದ್ದಳು. ತಂಡದ ಮೇಡಂ, ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಅವಳನ್ನೇ ಕರೆದು, "ನೀನೇನು ಕಲ್ತಿದೀಯಮ್ಮಾ, ತೋರಿಸ್ತೀಯಾ?" ಅಂದರು. ಗಿಂಡಿ ಕೆಳಗಿಟ್ಟು ಬಕೆಟ್ಟು ತರಲು ಓಡಿದಳು. ನಾನು ಅಡ್ಡ ನಿಂತು ನಗುನಗುತ್ತಾ, "ಮೊದ್ಲು ಊಟ ಆಗ್ಲಿ ಮೇಡಂ, ಇವ್ರ ಓದು ದಿನಾ ಇದ್ದದ್ದೇ" ಅಂದೆ. ಊಟ ಮುಗಿದಾಗ ಅವರು ಹೊರಡುವ ಹೊತ್ತಾಗಿತ್ತು.

ಹೋದ ವಾರ ವರದಿ ಬಂತು. ಪಾಠ ನೋಡಲಾಗಲಿಲ್ಲ, ಮಕ್ಕಳು ಬಡಿಸುವುದರಲ್ಲೇ ಇದ್ದರು, ಎಂಟನೇ ತರಗತಿಗೆ ಸದ್ಯಕ್ಕೆ ಶಿಫಾರಸು ಇಲ್ಲ. ಕೆಳಗೆ ನನ್ನ ಮಾತೂ ಇದೆ, ಒಂದಕ್ಷರ ಬಿಡದೆ. ನಮ್ಮ ಒಬ್ಬಟ್ಟು ತಿಂದು ನಮ್ಮ ಮೇಲೇ ಬರೆದರು ಅಂತ ಪಂಚನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗಾಡಿದೆ. ಉತ್ತರ ಕೊಡಲು ಹೆಡ್‌ಮಾಸ್ಟರ್ ತಿಪ್ಪೇಶ್ ಸಭೆ ಕರೆದರು. ತಂಡವೇ ತಡವಾಗಿ ಬಂತು ಅಂತ ಬರೆಯೋಣ ಅಂದರು ಎಲ್ಲರೂ, ನಾನೂ ಹೂಂ ಅಂದೆ. ಮನೆಗೆ ಬರುವಷ್ಟರಲ್ಲಿ ಆ ಮಾತು ಸ್ಪೂರ್ತಿಗೆ ಮುಟ್ಟಿತ್ತು. ಹಿತ್ತಲಲ್ಲಿ ಬಕೆಟ್ಟಿನ ಮರಳು ಸುರಿಯುತ್ತಾ, "ಅವ್ರು ಟೈಮಿಗೇ ಬಂದಿದ್ರು ಅಪ್ಪಾ" ಅಂದಳು. ನಾಚಿಕೆಯಾಯಿತು ಕಣೇ. ಮಾರನೇ ದಿನ, ತಪ್ಪು ಅಧ್ಯಕ್ಷನದು, ಮಕ್ಕಳದಲ್ಲ, ದಯವಿಟ್ಟು ಇನ್ನೊಮ್ಮೆ ಬನ್ನಿ ಅಂತ ಬರೆಸಿ ಸಹಿ ಹಾಕಿದೆ. ಸೋಮವಾರ ಆ ಮೇಡಂ ಒಬ್ಬರೇ ಬರುತ್ತಾರಂತೆ. ಬುತ್ತಿ ತಾವೇ ತರುತ್ತಾರಂತೆ. ಅದನ್ನು ಹೇಳುವಾಗ ತಿಪ್ಪೇಶ್ ಮೇಷ್ಟ್ರು ನನ್ನ ಮುಖ ನೋಡಲಿಲ್ಲ.

ಅತ್ತೆಗೆ ನಮಸ್ಕಾರ ತಿಳಿಸು. ಬೈಯುವುದಿದ್ದರೆ ಅವರ ಎದುರು ಬೇಡ.

ನಿನ್ನ,
ರಘು

ಇನ್ನೊಂದು: ಪಕ್ಕದ ಮನೆ ಪಂಚಾಕ್ಷರಪ್ಪ ನಿಮ್ಮೂರು ಶಿವನಿಯ ಕಡೆ ಹೊರಟು ಬೈಕ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾನೆ, ಅವನ ಕೈಲೇ ಇದನ್ನು ಕಳಿಸುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ನಾನು ಬಂದು ಅತ್ತೆಯ ಹತ್ತಿರ ಇರುತ್ತೇನೆ, ನೀನು ಊರಿಗೆ ಬಾ. ಸೋಮವಾರ ಅಮ್ಮ ಇದ್ದರೆ ಮೇಡಂಗೆ ತೋರಿಸುತ್ತೇನೆ ಅಂದಿದ್ದಾಳೆ ಸ್ಪೂರ್ತಿ. ನಾನೂ ಬರಲಾ ಅಂತ ಕೇಳಿದೆ. "ನೀನ್ ಬರ್ಬ್ಯಾಡ ಅಪ್ಪಾ" ಅಂದಳು.