ಐದು ತಂತಿ, ಒಂದಷ್ಟು ಕ್ಲಿಪ್ಪು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ನಿನ್ನೆ ಕೈಸೇರಿತು. ಲಕೋಟೆಯ ಮೇಲೆ ಮತ್ತೆ ‘ತುತ್ತೂರಿಗೆ’ ಎಂದೇ ಬರೆದಿದ್ದೀಯ. ನಾನು ಬಾಯಿ ತೆರೆದರೆ ಆಚೆ ಬೀದಿಗೆ ಕೇಳುತ್ತಿತ್ತೆಂದು ಚಿಕ್ಕಂದಿನಲ್ಲಿ ನೀನಿಟ್ಟ ಹೆಸರು. ಅಂಚೆಯವನು ಅದನ್ನು ಓದಿ, ನನ್ನ ಮುಖ ನೋಡಿ ನಕ್ಕ. ನಾನು ಎಂದಿನಂತೆ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಾಗಿಲು ತೆರೆದಿದ್ದೆ.

ಪರೀಕ್ಷೆ ಹೇಗಾಯಿತು ಎಂದು ಕೇಳಿದ್ದೀಯ. ಚೆನ್ನಾಗಿ ಆಯಿತು. ಪಿಯಾನೊ ನುಡಿಸುವಾಗ ಬೆರಳು ತಡವರಿಸಲಿಲ್ಲ. ಬರೆಯುವ ಪತ್ರಿಕೆ ನಾನು ಹೆದರಿದಷ್ಟು ಕಷ್ಟವಿರಲಿಲ್ಲ. ಪುಟ್ಟಿ ಆರೋಗ್ಯವಾಗಿದ್ದಾಳೆ. ಇವರೂ ಚೆನ್ನಾಗಿದ್ದಾರೆ.

ಇಷ್ಟಕ್ಕೇ ಸಹಿ ಹಾಕಿ ಮುಗಿಸೋಣ ಎಂದುಕೊಂಡಿದ್ದೆ. ಆದರೆ ನಿನಗೆ ಸುಳ್ಳು ಹೇಳಿ ದಕ್ಕಿಸಿಕೊಂಡವಳೇ ಅಲ್ಲ ನಾನು. ನಿಮ್ಮ ಶಾಲೆಯವರು ಸಂಗೀತದ ಟೀಚರ್ ಕೆಲಸ ನನಗೆಂದೇ ಇಟ್ಟುಕೊಂಡು ಕಾಯುತ್ತಿದ್ದಾರೆ. ಹಾಸ್ಟೆಲಿನಲ್ಲಿ ನಿನ್ನ ಪಕ್ಕದ ಕೋಣೆಗೆ ನೀನಾಗಲೇ ಬಣ್ಣ ಹೊಡೆಸಿ ಕೂತಿದ್ದೀಯ. ಸರ್ಟಿಫಿಕೇಟ್ ಇಲ್ಲದೆ ಆ ಕೆಲಸವಿಲ್ಲ, ಪರೀಕ್ಷೆಯ ಒಂದು ಭಾಗ ಹೋದರೂ ಸರ್ಟಿಫಿಕೇಟ್ ಇಲ್ಲ. ಆ ಒಂದು ಭಾಗ ಹೋಯಿತು ಅಕ್ಕಾ. ನೋಡಿ ಹಾಡುವುದು.

ಹಾಡು ಬರುವುದಿಲ್ಲವೇ ನಿನಗೆ ಎಂದು ಬೈಯಬೇಡ. ಈ ಮನೆ ಹೇಗಿದೆ ಅಂತ ನಿನಗೆ ನಾನು ಸರಿಯಾಗಿ ಹೇಳಿಯೇ ಇಲ್ಲ. ಇವರು ರಾತ್ರಿಯಿಡೀ ಬೇಕರಿಯ ಒಲೆಯ ಮುಂದೆ ಬೇಯುತ್ತಾರೆ. ಬೆಳಿಗ್ಗೆ ಮೈತುಂಬ ಹಿಟ್ಟು ಮೆತ್ತಿಕೊಂಡು ಬಂದು ಮಲಗಿದರೆ ಏಳುವುದು ಸಂಜೆಗೆ. ಇರುವುದು ಎರಡೇ ಕೋಣೆ, ನಡುವೆ ಪ್ಲೈವುಡ್ ಹಲಗೆ. ಪಾತ್ರೆಗಳ ನಡುವೆ ಬಟ್ಟೆ ಇಟ್ಟು ಜೋಡಿಸುತ್ತೇನೆ, ನಲ್ಲಿಯ ಕೆಳಗೆ ಸ್ಪಂಜು ಇಡುತ್ತೇನೆ, ಸೀನು ಬಂದರೆ ದಿಂಬಿಗೆ ಒಪ್ಪಿಸುತ್ತೇನೆ. ಅವರು ಕೆಲಸಕ್ಕೆ ಹೋದ ಮೇಲೆ ಹಾಡಬಹುದಲ್ಲ ಎನ್ನುತ್ತೀಯ. ಆ ಹೊತ್ತಿಗೆ ಇಡೀ ಕಟ್ಟಡ ಮಲಗಿರುತ್ತದೆ, ಒಂದು ಸಲ ಗುನುಗಿದ್ದಕ್ಕೇ ಮೇಲಿನ ಮನೆಯಾಕೆ ನೆಲ ಕುಟ್ಟಿದ್ದಳು.

ಇವರು ಕೈ ಎತ್ತುವವರಲ್ಲ, ಅಷ್ಟೇಕೆ, ದನಿ ಎತ್ತುವವರೂ ಅಲ್ಲ. ನಿದ್ದೆ ಕೆಟ್ಟರೆ ಎದ್ದು ಮಂಚದ ತುದಿಯಲ್ಲಿ ಕೂರುತ್ತಾರೆ. ಕೆಂಪು ಕಣ್ಣಿನಿಂದ ನನ್ನನ್ನೇ ನೋಡುತ್ತಾರೆ. ಆಮೇಲೆ ಮಾತಿಲ್ಲ, ಎಷ್ಟು ದಿನ ಎಂದು ಹೇಳಲಿಕ್ಕಾಗದು. ನಾನೊಮ್ಮೆ ಹಾಡಿನ ಮಾತೆತ್ತಿದಾಗ, ನಿನ್ನ ಹಾಡಿಗೆ ನಾನೇನು ಅಡ್ಡ ಬಂದಿದ್ದೀನಾ, ಮಲಗಿರೋವಾಗ ಬೇಡ ಅಂದೆ ಅಷ್ಟೆ ಎಂದರು. ಎಲ್ಲಿ ತಪ್ಪು ಹುಡುಕಲಿ ಹೇಳು? ಅವರು ಸುಟ್ಟುಕೊಂಡ ಕೈಯಿಂದ ಬಂದ ಅನ್ನವನ್ನೇ ನಾವು ಉಣ್ಣುವುದು. ಜಗಳವಾಡಲು ಒಂದು ಕಾರಣವನ್ನೂ ಕೊಡದ ಮನುಷ್ಯನ ಜೊತೆ ಉಸಿರುಕಟ್ಟಿ ಬದುಕುವುದು ಹೇಗಿರುತ್ತದೆ ಎಂದು ನಿನಗೆ ಗೊತ್ತಾಗಲಿಕ್ಕಿಲ್ಲ.

ಕೀಬೋರ್ಡನ್ನೇನೋ ಇಯರ್‌ಫೋನ್ ಸಿಕ್ಕಿಸಿ ನುಡಿಸಬಹುದು. ಗಂಟಲಿಗೆ ಎಲ್ಲಿ ಸಿಕ್ಕಿಸುವುದು? ನೋಡಿ ಹಾಡುವುದೆಂದರೆ, ಹಿಂದೆಂದೂ ಕಾಣದ ಸ್ವರಗಳ ಹಾಳೆ ಕೈಗೆ ಕೊಡುತ್ತಾರೆ. ಮೊದಲ ಸ್ವರವನ್ನು ಪಿಯಾನೊದಲ್ಲಿ ಒತ್ತಿ ಕೇಳಿಸುತ್ತಾರೆ. ಸ್ವಲ್ಪ ಹೊತ್ತು ಮನಸ್ಸಿನಲ್ಲೇ ನೋಡಿಕೊಂಡು, ಆಮೇಲೆ ತಪ್ಪಿಲ್ಲದೆ ಹಾಡಬೇಕು. ಅಭ್ಯಾಸಕ್ಕೆ ದಿನಾ ಹೊಸ ಹಾಳೆ ಬೇಕು. ಅದಕ್ಕೆ ಪುಟ್ಟಿ ಒಂದು ದಾರಿ ಕಂಡುಹಿಡಿದಳು.

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಒಂದರ ಮೇಲೊಂದು ಐದು ತಂತಿಗಳಿವೆ, ಸ್ವರ ಬರೆಯುವ ಐದು ಗೆರೆಗಳ ಹಾಗೆ. ಅವಳು ಸ್ಟೂಲ್ ಹತ್ತಿ ಮನಸ್ಸಿಗೆ ಬಂದಲ್ಲಿ ಕ್ಲಿಪ್ಪು ಸಿಕ್ಕಿಸುತ್ತಾಳೆ. ಬರೀ ಕ್ಲಿಪ್ಪಾದರೆ ಗೆರೆಯ ಮೇಲಿನ ಸ್ವರ, ಕ್ಲಿಪ್ಪಿಗೆ ಕಾಲುಚೀಲ ನೇತುಹಾಕಿದರೆ ಅದರ ಕೆಳಗಿನ ಸಂದಿನ ಸ್ವರ. ಏನು ಹುಚ್ಚು ರಾಗಗಳು ಅಂತೀಯ, ಕಾಲುಚೀಲ ಕಡಿಮೆ ಬಿದ್ದರೆ ನನ್ನ ಕರ್ಚೀಫುಗಳೂ ಸ್ವರಗಳಾಗುತ್ತಿದ್ದವು. ನಾನು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಅಷ್ಟನ್ನೂ ಹಾಡುವೆ. ಅವಳು ನನ್ನ ಗಂಟಲನ್ನೇ ನೋಡುತ್ತ ಕೂತು, ಆಯ್ತಾ ಅಮ್ಮಾ ಎಂದು ಪಿಸುಗುಡುವಳು. ನಾನು, ಆಯ್ತು ಎಂದು ಪಿಸುಗುಡುವೆ. ಮಗು ನಂಬಿ ಮುಂದಿನ ರಾಗ ಸಿಕ್ಕಿಸುವಳು. ಪರೀಕ್ಷೆಗೆ ಹೋಗುವ ಹೊತ್ತಿಗೆ ನನ್ನ ತಲೆಯೊಳಗೆ ಒಂದು ಸ್ವರವೂ ಜಾರುತ್ತಿರಲಿಲ್ಲ ಅಕ್ಕಾ, ಆಣೆ ಮಾಡಿ ಹೇಳುತ್ತೇನೆ.

ಪರೀಕ್ಷಕಿ ಹಿರಿಯ ಹೆಂಗಸು, ಹೆಗಲ ಮೇಲೆ ಬೂದು ಬಣ್ಣದ ಶಾಲು. ಹಾಳೆ ಕೊಟ್ಟು ಸ್ವರ ಒತ್ತಿದರು. ನಾನು ನೋಡಿದೆ. ಪುಟ್ಟಿಯ ಕಾಲುಚೀಲಗಳ ಮುಂದೆ ಅದೊಂದು ಹಾಡೇ ಅಲ್ಲ. ಮೊದಲಿಂದ ಕೊನೆಯವರೆಗೆ ಹಾಡಿದೆ, ಎಷ್ಟು ಚೆನ್ನಾಗಿ ಬಂತೆಂದರೆ ಕೊನೆಯ ಸ್ವರದಲ್ಲಿ ಕಣ್ಣು ತೇವವಾಯಿತು. ಹಾಳೆ ಮೇಜಿನ ಮೇಲಿಟ್ಟು, ನಮಸ್ಕರಿಸಿ, ಬ್ಯಾಗು ತೆಗೆದುಕೊಂಡು ಎದ್ದೆ.

ಅವರು ಪೆನ್ನು ಹಿಡಿದು ಕಾಯುತ್ತಲೇ ಇದ್ದರು. “ಹಾಡಲ್ವೇನಮ್ಮಾ?” ಎಂದರು.

“ಆಯ್ತಲ್ಲ ಮೇಡಂ,” ಎಂದೆ.

“ನಂಗೇನೂ ಕೇಳಿಸಲಿಲ್ವಲ್ಲ.”

ನಾನು ಹಾಡಿಯೇ ಇರಲಿಲ್ಲ ಎಂದು ನನಗೆ ಗೊತ್ತಾಗಿದ್ದು ಆಗಲೇ. ಮತ್ತೆ ಕೂರಿಸಿದರು, ಮತ್ತೆ ಸ್ವರ ಒತ್ತಿದರು. ಬಾಯಿ ತೆರೆದೆ. ಗಾಳಿ ಬಂತು. ಅವರು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು, ಕಿವಿ ಹತ್ತಿರ ತಂದರು. ನಾನು ಮಾತ್ರ ಪಕ್ಕದ ಬಾಗಿಲನ್ನೇ ನೋಡುತ್ತಿದ್ದೆ, ಅದರ ಹಿಂದೆ ಯಾರೋ ಮಲಗಿರುವಂತೆ. ಮರುಪರೀಕ್ಷೆ ಈ ತಿಂಗಳ ಕೊನೆಗಿದೆ, ಇದೊಂದೇ ಭಾಗ ಹಾಡಿದರೆ ಸಾಕು, ಆದರೆ ಕೇಳಿಸಿದ್ದಕ್ಕೆ ಮಾತ್ರ ನಾನು ಅಂಕ ಹಾಕಬಹುದು ಎಂದು ಸಮಾಧಾನವಾಗಿಯೇ ಹೇಳಿ ಕಳಿಸಿದರು. ಮೆಟ್ಟಿಲ ಮೇಲೆ ಕೂತು ಅತ್ತೆ. ಅದೂ ಸದ್ದಿಲ್ಲದೆ.

ಇವರಿಗೆ ಪರೀಕ್ಷೆಯ ಸುದ್ದಿಯೇ ಗೊತ್ತಿಲ್ಲ. ಹಲ್ಲುನೋವು, ಡಾಕ್ಟರ ಹತ್ತಿರ ಹೋಗಿ ಬರ್ತೀನಿ ಎಂದು ಹೇಳಿ ಹೋಗಿದ್ದೆ. ಪಾಪ, ಅಂದಿನಿಂದ ದಿನಾ ಅಂಚು ಕತ್ತರಿಸಿದ ಮೆತ್ತನೆಯ ಬ್ರೆಡ್ಡು ತಂದು ಕೊಡುತ್ತಾರೆ, ಯಾವ ಕಡೆಯ ಹಲ್ಲು ಎಂದು ವಿಚಾರಿಸುತ್ತಾರೆ. ನಾನು ಒಂದೇ ದವಡೆಯಲ್ಲಿ ಅಗಿಯುತ್ತ ಕೂತಿದ್ದೇನೆ. ಇಂಥವರಿಗೆ, ನಾನೂ ಮಗುವೂ ಬೇರೆ ಊರಿಗೆ ಹೋಗುತ್ತೇವೆ ಎಂದು ಹೇಗೆ ಹೇಳಲಿ?

ಇನ್ನೊಂದು ವಿಷಯ. ಪುಟ್ಟಿಯ ಟೀಚರ್ ನನ್ನನ್ನು ಕರೆಸಿದ್ದರು. ಪದ್ಯ ಹೇಳುವಾಗ ಅವಳ ತುಟಿ ಮಾತ್ರ ಆಡುತ್ತದಂತೆ, ದನಿಯೇ ಬರುವುದಿಲ್ಲವಂತೆ. ಮನೆಯಲ್ಲಿ ಮಾತಾಡುತ್ತಾಳಾ ಎಂದು ಕೇಳಿದರು. ಓ, ಬೇಕಾದಷ್ಟು ಎಂದೆ. ಟೀಚರ್ ನನ್ನನ್ನೇ ನೋಡಿದರು. ನಾನು ಅದನ್ನು ಹೇಳಿದ್ದೂ ಪಿಸುದನಿಯಲ್ಲೇ. ನನ್ನ ಗಂಟಲು ಹೋದರೆ ಹೋಗಲಿ ಅಕ್ಕಾ, ಅವಳದ್ದೂ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಮರುಪರೀಕ್ಷೆಗೆ ಹೋಗುವ ಧೈರ್ಯವಿಲ್ಲ. ಆ ಕೋಣೆಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ.

ಇತಿ,
ಒಂದು ಕಾಲದಲ್ಲಿ ನಿನ್ನ ತುತ್ತೂರಿಯಾಗಿದ್ದ
ತಂಗಿ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಪುಟ್ಟಿ ಬಂದು ಸೆರಗು ಎಳೆದಳು. ಐದೂ ತಂತಿಯ ತುಂಬ ಕ್ಲಿಪ್ಪು ಸಿಕ್ಕಿಸಿದ್ದಾಳೆ, ಕಾಲುಚೀಲ ಸಾಲದೆ ಅವಳಪ್ಪನ ಬೇಕರಿ ಟೋಪಿಯನ್ನೂ ನೇತುಹಾಕಿದ್ದಾಳೆ. ನಾನು ಸುಮ್ಮನೆ ಒಮ್ಮೆ ಕಣ್ಣಾಡಿಸಿ, ಆಯ್ತು ಎಂದೆ. ಅವಳು ಅಲ್ಲೇ ನಿಂತಳು. “ಇಲ್ಲ. ನಂಗೆ ಕೇಳಿಸಲಿಲ್ಲ,” ಎಂದಳು. ಪಿಸುಗುಟ್ಟಲಿಲ್ಲ ಅಕ್ಕಾ, ಗಟ್ಟಿಯಾಗಿ ಹೇಳಿದಳು, ಥೇಟ್ ನನ್ನ ಚಿಕ್ಕಂದಿನ ದನಿ. ಒಳಗೆ ಮಂಚ ಕಿರುಗುಟ್ಟಿತು. ಕೋಣೆ ಯಾರಿಗೂ ಕೊಡಬೇಡ. ಹಲ್ಲುನೋವು ಸುಳ್ಳೆಂದೂ ಇವರಿಗೆ ಇವತ್ತೇ ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ಹಾಡಬೇಕು, ಮಗು ಕಾಯುತ್ತಿದೆ.