ಗೆರೆಯ ಮೇಲಿನ ಮನೆ

ನೆಬ್ರಾಸ್ಕಾ, ೯ ಮೇ ೧೮೮೧

ತಮ್ಮ ಆರಿನ್‌ಗೆ,

ನಾನು ನನ್ನ ಜಮೀನಿನಲ್ಲಿ ವಾಸವಿಲ್ಲ, ಅದನ್ನು ನಿನ್ನ ಹೆಂಡತಿಯ ಅಣ್ಣನಿಗೆ ಕೊಡಬೇಕು ಎಂದು ಭೂ ಕಚೇರಿಗೆ ದೂರು ಹೋಗಿದೆ. ನೋಟಿಸನ್ನು ಅಂಚೆಯ ಟೀಗ್ ಇಂದು ಬೆಳಿಗ್ಗೆ ತಂದುಕೊಟ್ಟರು. ಸಾಕ್ಷಿಯ ರುಜು ನಿನ್ನದು.

ನಮ್ಮಿಬ್ಬರ ಜಮೀನಿನ ನಡುಗೆರೆಯ ಮೇಲೆ ಒಂದೇ ಮನೆ ಕಟ್ಟೋಣ, ಅವರವರ ಬದಿಯಲ್ಲಿ ಮಲಗಿದರೆ, ಸರ್ಕಾರ ಕೊಟ್ಟ ಜಮೀನು ದಕ್ಕಲು ಐದು ವರ್ಷ ಅದರಲ್ಲೇ ವಾಸವಿರಬೇಕೆಂಬ ಕಾನೂನಿಗೆ ಸಾಕು ಎಂದವನು ನೀನು. ನಾಲ್ಕು ವರ್ಷ ನಾನು ಹಾಗೇ ಮಲಗಿದೆ. ಕಳೆದ ಅಕ್ಟೋಬರಿನಲ್ಲಿ ನನ್ನ ಮಂಚವನ್ನು ನಿನ್ನ ಬದಿಗೆ ಎಳೆದವನೂ ನೀನೇ.

"ಅಕ್ಕಾ, ಈ ಚಳೀಲಿ ಒಲೆ ಹತ್ರ ಮಲ್ಕೋ. ಆ ಗೆರೆ ಏನು ಎದ್ದು ಬಂದು ಕಚ್ಚುತ್ತಾ?" ಎಂದು ನೀನು ನಕ್ಕಿದ್ದೆ.

ಮಾರ್ಚಿನಲ್ಲಿ ನಾನು ಮಂಚವನ್ನು ಹಿಂದಕ್ಕೆ ಸರಿಸಹೋದಾಗ, "ಇನ್ನೂ ಹಿಮ ಇದೆ, ಸುಮ್ನಿರಕ್ಕ" ಎಂದೆ ನೀನು. ಆರು ತಿಂಗಳು ತಮ್ಮ ನೆಲದಲ್ಲಿ ಮಲಗದವರ ಹಕ್ಕು ಹೋಗುತ್ತದೆಂದು ನೋಟಿಸಿನಲ್ಲಿದೆ. ನೀನು ಕಾಯುತ್ತಿದ್ದುದು ಹಿಮ ಕರಗಲೆಂದಲ್ಲ.

ಹೆಂಡತಿಯ ತವರಿನಲ್ಲಿ ಅಡಗಿ ಕೂತದ್ದು ಸಾಕು. ನನ್ನ ಬದಿಯಲ್ಲಿರುವ ನಿಮ್ಮ ಬೀರು, ತೊಟ್ಟಿಲು, ಹಿಟ್ಟಿನ ಪೀಪಾಯಿಗಳನ್ನು ಶುಕ್ರವಾರದೊಳಗೆ ತೆಗೆದುಕೊಂಡು ಹೋಗು. ತೊಟ್ಟಿಲನ್ನು ಒರೆಸಿಟ್ಟಿದ್ದೇನೆ.

ವಿಚಾರಣೆ ಇಪ್ಪತ್ಮೂರಕ್ಕೆ. ಅದಕ್ಕೆ ಮೊದಲು, ಈ ಶನಿವಾರ ಬೆಳಿಗ್ಗೆ ಏಳಕ್ಕೆ, ಬಡಗಿ ನಿಲ್ಸ್ ಗರಗಸದೊಂದಿಗೆ ಬರುತ್ತಾನೆ. ಗೆರೆಯ ಗುಂಟ ಮನೆಯನ್ನು ಎರಡಾಗಿ ಕೊಯ್ಯುತ್ತೇವೆ.

ನಿನ್ನ ಅಕ್ಕ,
ತಿರ್ಜಾ